ಜಾಝ್ ಕಂಪೋಸರ್ಸ್ ಆರ್ಕೆಸ್ಟ್ರಾ, 1968: ಸ್ಪೀಕರ್ ಸೌಂಡ್ ಜಾಸ್ತಿ ಇಟ್ಟು ಕೇಳಿ

ಮೊದಲೇ ಹೇಳಿಬಿಡುತ್ತೇನೆ, ಈ ಆಲ್ಬಮ್ ಕೊಳ್ಳಿ. ಸಿಡಿ ಸಿಕ್ಕರೆ ಸಿಡಿ, ಎರಡು ಎಲ್‌ಪಿಗಳ ಹಳೆಯ ಪೆಟ್ಟಿಗೆ ಸಿಕ್ಕರೆ ಇನ್ನೂ ಒಳ್ಳೆಯದು. ಹೆಸರು 'ದಿ ಜಾಝ್ ಕಂಪೋಸರ್ಸ್ ಆರ್ಕೆಸ್ಟ್ರಾ'. 1968ರಲ್ಲಿ ನ್ಯೂಯಾರ್ಕಿನಲ್ಲಿ ರೆಕಾರ್ಡ್ ಆಯಿತು. ಸಂಗೀತ ಬರೆದವರೂ ಮೈಕಲ್ ಮ್ಯಾಂಟ್ಲರ್, ಎದುರು ನಿಂತು ನಡೆಸಿದವರೂ ಅವರೇ. ಇದು ಫ್ರೀ ಜಾಝ್, ಅಂದ್ರೆ ಮಾಮೂಲಿ ಜಾಝಿನ ಕಟ್ಟುಪಾಡು ಬಿಟ್ಟು ನುಡಿಸುವ ಸಂಗೀತ. ಆ ಹೆಸರು ಕೇಳಿದ ಕೂಡಲೇ ಎಷ್ಟೋ ಜನ ಮುಖ ಸಿಂಡರಿಸುತ್ತಾರೆ. ಎಲ್ಲರೂ ಮನಸ್ಸಿಗೆ ಬಂದದ್ದನ್ನು ಊದುತ್ತಾರೆ, ಅದಕ್ಕೆ ತಲೆಬುಡ ಇಲ್ಲ ಅನ್ನುವುದು ಅವರ ದೂರು. ಅಂಥವರ ಕೈಗೂ ನಾನು ಕೊಡುವುದು ಇದೇ ಆಲ್ಬಮ್ಮನ್ನು, ಫ್ರೀ ಜಾಝ್ ಈಗಾಗಲೇ ಹಚ್ಚಿಕೊಂಡವರ ಕೈಗೂ ಇದನ್ನೇ. ಇದರಲ್ಲಿ ಕಾಗದದ ಮೇಲೆ ಬರೆದ ಸಂಗೀತ ಒಂದು ಕಡೆ, ಆ ಕ್ಷಣಕ್ಕೆ ಹುಟ್ಟುವ ಸಂಗೀತ ಇನ್ನೊಂದು ಕಡೆ ಅಂತ ಇಲ್ಲ. ಬರೆದದ್ದು ನುಡಿಸುವವನ ಮೇಲೆ ಬೀಳುತ್ತದೆ, ಅವನನ್ನು ಮೂಲೆಗೆ ತಳ್ಳುತ್ತದೆ, ಅಲ್ಲಿಂದ ಅವನು ಎದ್ದು ಬರಬೇಕು. ಆ ಎಳೆದಾಟವೇ ಇಡೀ ಆಲ್ಬಮ್ಮಿನ ಜೀವ.

ಸ್ವಲ್ಪ ಹಿನ್ನೆಲೆ ಹೇಳಬೇಕು, ಇಲ್ಲದಿದ್ದರೆ ಇದು ಎಂಥ ಸಾಹಸ ಅಂತ ಗೊತ್ತಾಗುವುದಿಲ್ಲ. ಮ್ಯಾಂಟ್ಲರ್ 1943ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವರು, ಟ್ರಂಪೆಟ್ ನುಡಿಸುತ್ತಿದ್ದರು. 1962ರಲ್ಲಿ ಅಮೆರಿಕಕ್ಕೆ ಬಂದು ಬಾಸ್ಟನ್ನಿನ ಬರ್ಕ್ಲಿ ಸಂಗೀತ ಶಾಲೆಯಲ್ಲಿ ಓದಿದರು, ಆಮೇಲೆ ನ್ಯೂಯಾರ್ಕಿಗೆ ಬಂದರು. 1964ರ ಹೊತ್ತಿಗೆ ಆ ಊರಿನಲ್ಲಿ ಹೊಸ ಥರದ ಜಾಝ್ ನುಡಿಸುವವರಿಗೆ ಕೆಲಸವೇ ಸಿಗುತ್ತಿರಲಿಲ್ಲ. ಕ್ಲಬ್ಬುಗಳಿಗೆ ಅವರು ಬೇಡ, ರೆಕಾರ್ಡ್ ಕಂಪನಿಗಳಿಗೂ ಬೇಡ. ಆಗ ಟ್ರಂಪೆಟ್ ವಾದಕ ಬಿಲ್ ಡಿಕ್ಸನ್ ಮುಂದೆ ಬಂದು ಜಾಝ್ ಕಂಪೋಸರ್ಸ್ ಗಿಲ್ಡ್ ಅಂತ ಒಂದು ಸಂಘ ಕಟ್ಟಿದರು. ಸೆಸಿಲ್ ಟೇಲರ್, ಸನ್ ರಾ, ಆರ್ಚಿ ಶೆಪ್, ರಾಸ್ವೆಲ್ ರಡ್, ಪಾಲ್ ಬ್ಲೇ, ಕಾರ್ಲಾ ಬ್ಲೇ ಎಲ್ಲ ಅದರಲ್ಲಿದ್ದರು. ಅಷ್ಟು ಗಟ್ಟಿ ವ್ಯಕ್ತಿತ್ವದ ಜನ ಒಂದೇ ಸಂಘದಲ್ಲಿ ಎಷ್ಟು ದಿನ ಇರಲು ಸಾಧ್ಯ? ಬೇಗ ಒಡೆಯಿತು. ಆದರೆ ಆ ಸಂಘದ ಒಳಗೆ ಹುಟ್ಟಿದ ಆರ್ಕೆಸ್ಟ್ರಾ ಮಾತ್ರ ಉಳಿದುಕೊಂಡಿತು. ಕಾರ್ಲಾ ಬ್ಲೇ ಮತ್ತು ಮ್ಯಾಂಟ್ಲರ್ ಲಾಭಕ್ಕಲ್ಲದ ಒಂದು ಸಂಸ್ಥೆ ಮಾಡಿ ಅದನ್ನು ಮುಂದುವರಿಸಿದರು. ಈ ಆಲ್ಬಮ್ ಆ ಸಂಸ್ಥೆಯ ಸ್ವಂತ ರೆಕಾರ್ಡ್. ಯಾವ ದೊಡ್ಡ ಕಂಪನಿಯೂ ಹಿಂದೆ ನಿಂತು ಹೀಗೆ ಮಾಡಿ, ಹಾಗೆ ಮಾಡಿ ಅನ್ನಲಿಲ್ಲ. ಸಂಗೀತಗಾರರೇ ದುಡ್ಡು ಹೊಂದಿಸಿ, 20ಕ್ಕೂ ಹೆಚ್ಚು ಜನರನ್ನು ಸ್ಟುಡಿಯೋಗೆ ಕರೆಸಿ, ಜನವರಿ, ಮೇ, ಜೂನ್ ಹೀಗೆ ಮೂರು ಸಲ ಸೇರಿ ರೆಕಾರ್ಡ್ ಮಾಡಿ, ಬೆಳ್ಳಿ ಬಣ್ಣದ ಪೆಟ್ಟಿಗೆಯಲ್ಲಿ ಎರಡು ಎಲ್‌ಪಿ ಇಟ್ಟು ತಾವೇ ಹೊರಗೆ ತಂದರು. ಒಂದು ಎಲ್‌ಪಿ ಮಾರುವುದೇ ಕಷ್ಟವಾದ ಸಂಗೀತಕ್ಕೆ ಎರಡು!

ಇನ್ನು ಆರ್ಕೆಸ್ಟ್ರಾದ ಒಳಗೆ ಯಾರ್ಯಾರಿದ್ದಾರೆ ನೋಡಿ. ಸೊಪ್ರಾನೊ ಸ್ಯಾಕ್ಸೊಫೋನಿನಲ್ಲಿ ಸ್ಟೀವ್ ಲೇಸಿ. ಫ್ರೆಂಚ್ ಹಾರ್ನಿನಲ್ಲಿ ಜೂಲಿಯಸ್ ವಾಟ್ಕಿನ್ಸ್. ಟ್ರಾಂಬೋನಿನಲ್ಲಿ ಜಿಮ್ಮಿ ನೆಪರ್, ಟ್ಯೂಬಾದಲ್ಲಿ ಹೋವರ್ಡ್ ಜಾನ್ಸನ್, ಫ್ಲೂಗಲ್‌ಹಾರ್ನಿನಲ್ಲಿ ಆಗಿನ್ನೂ ಎಳೆಯ ರ‍್ಯಾಂಡಿ ಬ್ರೆಕರ್. ಪಿಯಾನೋ ಕಾರ್ಲಾ ಬ್ಲೇ. ಡಬಲ್ ಬೇಸ್ ಅನ್ನುವ ದೊಡ್ಡ ತಂತಿವಾದ್ಯ ಒಂದಲ್ಲ, ಐದು! ರಾನ್ ಕಾರ್ಟರ್, ಚಾರ್ಲಿ ಹೇಡನ್, ರಿಚರ್ಡ್ ಡೇವಿಸ್, ಎಡ್ಡಿ ಗೋಮೆಝ್, ರೆಜಿ ವರ್ಕ್‌ಮನ್, ಸ್ಟೀವ್ ಸ್ವಾಲೋ, ಅಲನ್ ಸಿಲ್ವಾ ಇಂಥ ಹೆಸರುಗಳು ಬೇರೆ ಬೇರೆ ಸಲ ಬೇರೆ ಬೇರೆ ಜೋಡಣೆಯಲ್ಲಿ ಬಂದು ಹೋಗುತ್ತವೆ. ಇವರಲ್ಲಿ ಒಬ್ಬೊಬ್ಬರೂ ಸ್ವಂತ ತಂಡ ನಡೆಸಬಲ್ಲವರು. ಇಲ್ಲಿ ಎಲ್ಲರೂ ಸಾಲಿನಲ್ಲಿ ಕೂತು ಬರೆದದ್ದನ್ನು ನುಡಿಸಿದ್ದಾರೆ, ಇನ್ನೊಬ್ಬರ ಸೋಲೋಗೆ ನೆಲ ಆಗಿದ್ದಾರೆ. ನನಗೆ ಈ ವಿಷಯ ತುಂಬ ದೊಡ್ಡದು ಅನ್ನಿಸುತ್ತದೆ.

ಮಾಮೂಲಿ ಬಿಗ್ ಬ್ಯಾಂಡ್ ಹೇಗಿರುತ್ತದೆ ಅಂದ್ರೆ, ಮೊದಲು ಎಲ್ಲರೂ ಸೇರಿ ರಾಗ ನುಡಿಸುತ್ತಾರೆ, ಆಮೇಲೆ ಒಬ್ಬರು ಎದ್ದು ನಿಂತು ಸೋಲೋ, ಹಿಂದೆ ಉಳಿದವರು ಆಗಾಗ ಒಂದು ಪೆಟ್ಟು ಕೊಡುತ್ತಾರೆ, ಕೊನೆಗೆ ಮತ್ತೆ ಅದೇ ರಾಗ. ನಮ್ಮ ಕರ್ನಾಟಕ ಸಂಗೀತದ ಕಛೇರಿಯಲ್ಲೂ ಕೃತಿ ಇದೆ, ಅದರ ಒಂದು ಸಾಲು ಹಿಡಿದು ನೆರವಲ್ ಇದೆ, ಕಲ್ಪನಾಸ್ವರ ಇದೆ. ಅಲ್ಲಿ ರಚನೆಗೂ ಮನೋಧರ್ಮಕ್ಕೂ ಒಂದೇ ರಾಗ, ಒಂದೇ ತಾಳ. ಎಷ್ಟು ದೂರ ಹೋದರೂ ಸಮಕ್ಕೆ ಬಂದು ಸೇರುತ್ತಾರೆ ಅನ್ನುವ ಧೈರ್ಯ ಕೇಳುವವರಿಗೆ ಇರುತ್ತದೆ. ಮ್ಯಾಂಟ್ಲರ್ ಇದ್ಯಾವುದನ್ನೂ ಕೊಡುವುದಿಲ್ಲ. ಗಟ್ಟಿಯಾದ ತಾಳ ಇಲ್ಲ. ಸೋಲೋ ನುಡಿಸುವವನಿಗೆ ದಾರಿ ತೋರಿಸುವ ಮಾಮೂಲಿ ಕಾರ್ಡ್‌ಗಳ, ಅಂದ್ರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ, ಸರಣಿ ಇಲ್ಲ. ಆರ್ಕೆಸ್ಟ್ರಾ ಉದ್ದುದ್ದ ಸ್ವರಗಳನ್ನು ಹಿಡಿದು ನಿಲ್ಲುತ್ತದೆ, ಒಂದರ ಮೇಲೊಂದು ಸ್ವರ ಪೇರಿಸುತ್ತದೆ, ಹಾಲು ಉಕ್ಕುವ ಹಾಗೆ ನಿಧಾನವಾಗಿ ಮೇಲೆ ಬಂದು ಆಮೇಲೆ ಒಂದೇ ಸಲಕ್ಕೆ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಸೋಲೋ ನುಡಿಸುವವನು ಅದರ ಒಳಗೇ ಇದ್ದಾನೆ. ಈ ಭಾಗ ಬರೆದದ್ದು, ಈ ಭಾಗ ಆಗಲೇ ಹುಟ್ಟಿದ್ದು ಅಂತ ಬೆರಳಿಟ್ಟು ತೋರಿಸಲು ಆಗದ ಜಾಗಗಳು ಎಷ್ಟೋ ಇವೆ, ಅಂಥ ಜಾಗಗಳೇ ನನಗೆ ಅತಿ ಇಷ್ಟ.

ಹಾಡುಗಳ ಹೆಸರುಗಳಲ್ಲಿ ಯಾವ ಶೃಂಗಾರವೂ ಇಲ್ಲ. 'ಕಮ್ಯುನಿಕೇಷನ್ಸ್' ಅಂತ ಹೆಸರು, ಮುಂದೆ ಒಂದು ನಂಬರ್, 8ರಿಂದ 11ರ ತನಕ. ನಡುವೆ 'ಪ್ರಿವ್ಯೂ' ಅಂತ ಒಂದು ಚಿಕ್ಕ ತುಣುಕು. ಒಂದೊಂದಕ್ಕೂ ಒಬ್ಬರೋ ಇಬ್ಬರೋ ಮುಖ್ಯ ವಾದಕರು.

8ರಲ್ಲಿ ಡಾನ್ ಚೆರ್ರಿ ಟ್ರಂಪೆಟ್ ಥರದ ಕಾರ್ನೆಟ್, ಗಾಟೊ ಬಾರ್ಬಿಯೆರಿ ಟೆನರ್ ಸ್ಯಾಕ್ಸೊಫೋನ್. ಸುಮಾರು 14 ನಿಮಿಷ. ಚೆರ್ರಿಯದು ಹಕ್ಕಿಯ ಮನಸ್ಸು, ಒಂದು ಕಡೆ ಕೂರುವುದಿಲ್ಲ. ಆರ್ಕೆಸ್ಟ್ರಾ ಇನ್ನೂ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಅವರು ಮೂರು ಕಡೆ ಹೋಗಿ ಬಂದಿರುತ್ತಾರೆ. ಮುಂದೆ ಅವರು ಹಿಂದೂಸ್ತಾನಿ ಸಂಗೀತದ ಕಡೆಗೆ ಹೊರಳಿ ರುದ್ರವೀಣೆ ವಾದಕ ಜಿಯಾ ಮೊಹಿಯುದ್ದೀನ್ ಡಾಗರ್ ಹತ್ತಿರ ಕಲಿತವರು. ಅರ್ಜೆಂಟೀನಾದ ಬಾರ್ಬಿಯೆರಿ ಅವರಿಗೆ ತದ್ವಿರುದ್ಧ, ಒಂದೇ ಸ್ವರ ಹಿಡಿದು ಅದು ಸೀಳುವ ತನಕ ಬಿಡುವುದಿಲ್ಲ. ಇಬ್ಬರೂ ಜೊತೆಯಲ್ಲಿ ಸಾಕಷ್ಟು ನುಡಿಸಿದ್ದವರು, ಹಾಗಾಗಿ ಇಲ್ಲಿ ಒಬ್ಬರ ಮಾತು ಇನ್ನೊಬ್ಬರು ಅರ್ಧಕ್ಕೇ ಹಿಡಿದುಕೊಳ್ಳುತ್ತಾರೆ. ಒಳ್ಳೆಯ ಆರಂಭ. ಆದರೆ ಆಲ್ಬಮ್ಮಿನ ಮೊದಲ ಹಾಡು ಅಂತ ಮೊದಲ ಸಲವೇ ಇದನ್ನು ಕೇಳಿದರೆ ಸ್ವಲ್ಪ ಗೊಂದಲ ಆಗಬಹುದು. ಇಬ್ಬರು ಸೋಲೋದವರು, ಹಿಂದೆ ಅಷ್ಟು ದೊಡ್ಡ ದಂಡು, ಯಾರನ್ನು ಹಿಂಬಾಲಿಸಬೇಕು ಅಂತ ಕಿವಿಗೆ ತಿಳಿಯುವುದಿಲ್ಲ.

9ರಲ್ಲಿ ಲ್ಯಾರಿ ಕೊರಿಯೆಲ್ ಅವರ ಎಲೆಕ್ಟ್ರಿಕ್ ಗಿಟಾರ್. ಎಂಟು ನಿಮಿಷ ಅಷ್ಟೆ. ಆಗ ಕೊರಿಯೆಲ್‌ಗೆ 25 ವಯಸ್ಸು. ಗಿಟಾರನ್ನು ಆಂಪ್ಲಿಫಯರ್ ಎದುರು ಹಿಡಿದರೆ ಬರುವ ಆ ಕಿರುಚುವ ಫೀಡ್‌ಬ್ಯಾಕ್ ರಾಕ್ ಸಂಗೀತದಲ್ಲಿ ಆಗ ತಾನೇ ಮನೆಮಾತಾಗುತ್ತಿತ್ತು. ಅದನ್ನು ಫ್ರೆಂಚ್ ಹಾರ್ನ್, ಟ್ಯೂಬಾ, ಐದು ಡಬಲ್ ಬೇಸ್ ಇರುವ ಸಾಲಿನ ಮುಂದೆ ತಂದು ನಿಲ್ಲಿಸುವುದು ಅಂದ್ರೆ ಸಣ್ಣ ಯೋಚನೆಯಲ್ಲ. ಇಲ್ಲಿ ಒಂದು ಸೂಕ್ಷ್ಮ ಇದೆ, ಗಮನ ಇಟ್ಟು ಕೇಳಿ. ಊದುವ ವಾದ್ಯದವರಿಗೆ ಉಸಿರು ಮುಗಿಯುತ್ತದೆ, ಸ್ವರ ಎಲ್ಲೋ ಒಂದು ಕಡೆ ಬಿಡಲೇಬೇಕು. ಫೀಡ್‌ಬ್ಯಾಕಿಗೆ ಆ ತೊಂದರೆ ಇಲ್ಲ, ಎಷ್ಟು ಹೊತ್ತು ಬೇಕಾದರೂ ಎಳೆಯಬಹುದು. ಆರ್ಕೆಸ್ಟ್ರಾದ ಸ್ವರ ಇಳಿದ ಮೇಲೂ ಗಿಟಾರಿನ ಕೂಗು ಮೇಲೆ ನೇತಾಡುತ್ತಲೇ ಇರುತ್ತದೆ. ಮುಂದೆ ಇದೇ ಕೊರಿಯೆಲ್ ನಮ್ಮ ಬೆಂಗಳೂರಿನಲ್ಲಿ ನೆಲೆಸಿರುವ ಪಿಟೀಲು ವಿದ್ವಾಂಸ ಎಲ್. ಸುಬ್ರಹ್ಮಣ್ಯಂ ಅವರ ಜೊತೆಗೂ ನುಡಿಸಿದರು. ಆ ಕೊರಿಯೆಲ್‌ರನ್ನು ಮಾತ್ರ ಗೊತ್ತಿರುವವರು ಈ ಎಂಟು ನಿಮಿಷ ಕೇಳಿದರೆ ಬೆಚ್ಚಿಬೀಳುತ್ತಾರೆ.

ಈಗ 10. ನನ್ನ ಮಟ್ಟಿಗೆ ಈ ಆಲ್ಬಮ್ಮಿನಲ್ಲಿ ಮನಸ್ಸಿಗೆ ಅತಿ ಹತ್ತಿರ ಬರುವುದು ಇದೇ. ಟ್ರಾಂಬೋನ್ ರಾಸ್ವೆಲ್ ರಡ್. ಶುರುವಿನಲ್ಲಿ ಬೇಸ್ ಒಂದೇ, ಸುತ್ತ ಖಾಲಿ ಜಾಗ. ಅಲ್ಲಿಯ ತನಕ ಕೇಳಿದ ಗದ್ದಲದ ನಂತರ ಆ ಖಾಲಿ ಜಾಗಕ್ಕೇ ಒಂದು ತೂಕ ಬಂದಿರುತ್ತದೆ. ಆಮೇಲೆ ಟ್ರಾಂಬೋನ್ ಬರುತ್ತದೆ. ರಡ್ ಶುರುವಿನಲ್ಲಿ ಡಿಕ್ಸಿಲ್ಯಾಂಡ್ ಅನ್ನುವ ಹಳೇ ಕಾಲದ ಜಾಝ್ ನುಡಿಸುತ್ತಿದ್ದವರು. ಆ ಹಳೆಯ ಜಾಝಿನಲ್ಲಿ ಟ್ರಾಂಬೋನ್ ಮನುಷ್ಯನ ಹಾಗೆ ಗೊಣಗುತ್ತದೆ, ನಗುತ್ತದೆ, ಬೈಯುತ್ತದೆ, ಜಾರಿಕೊಂಡು ಒಂದು ಸ್ವರದಿಂದ ಇನ್ನೊಂದಕ್ಕೆ ಬರುತ್ತದೆ. ರಡ್ ಆ ಎಲ್ಲವನ್ನೂ ಫ್ರೀ ಜಾಝಿನ ಒಳಕ್ಕೆ ಹೊತ್ತು ತಂದರು, ಯಾವುದನ್ನೂ ಬಿಟ್ಟು ಬರಲಿಲ್ಲ. ಮ್ಯಾಂಟ್ಲರ್ ಬರೆದದ್ದು ಗಂಭೀರ, ಹೆಚ್ಚುಕಮ್ಮಿ ಕತ್ತಲೆಯ ಸಂಗೀತ. ಅದರ ನಡುವೆ ಈ ಮನುಷ್ಯದನಿ ಎದ್ದು ನಿಂತು ಜಗಳ ಆಡುತ್ತದೆ, ಬೇಡಿಕೊಳ್ಳುತ್ತದೆ, ಕೆಲವೊಮ್ಮೆ ಸುಮ್ನೆ ನರಳುತ್ತದೆ. ಆರ್ಕೆಸ್ಟ್ರಾ ಅದಕ್ಕೆ ಉತ್ತರ ಕೊಡುವುದಿಲ್ಲ, ತನ್ನ ಪಾಡಿಗೆ ದೊಡ್ಡದಾಗುತ್ತಾ ಹೋಗುತ್ತದೆ. ಹಾಗೆ ಉತ್ತರ ಕೊಡದೇ ಇರುವುದನ್ನು ಮ್ಯಾಂಟ್ಲರ್ ಬೇಕೆಂದೇ ಬರೆದಿದ್ದಾರೆ ಅಂತ ನನಗೆ ಪ್ರತಿ ಸಲವೂ ಅನ್ನಿಸುತ್ತದೆ. ಬರೆದ ಸಂಗೀತ ಸೋಲೋಗೆ ಒತ್ತಾಸೆಯಾಗಿ ನಿಂತಿದ್ದರೆ ರಡ್ ಇಷ್ಟು ದೂರ ಹೋಗುತ್ತಿರಲಿಲ್ಲ. ಎದುರಿಗೆ ಅಲುಗಾಡದ ಗೋಡೆ ಇದ್ದದ್ದಕ್ಕೇ ಹೋದರು. 13 ನಿಮಿಷ ದಾಟುತ್ತದೆ, ಒಂದು ಕ್ಷಣವೂ ಉದ್ದ ಅನ್ನಿಸುವುದಿಲ್ಲ.

'ಪ್ರಿವ್ಯೂ' ಮೂರೂವರೆ ನಿಮಿಷವೂ ಇಲ್ಲ. ಫ್ಯಾರೋ ಸ್ಯಾಂಡರ್ಸ್ ಟೆನರ್ ಸ್ಯಾಕ್ಸೊಫೋನ್. ನಮಗೆ ಸ್ಯಾಕ್ಸೊಫೋನ್ ಅಂದ್ರೆ ಕದ್ರಿ ಗೋಪಾಲನಾಥ್ ಅಲ್ವಾ, ಆ ನುಣುಪು, ಆ ಗಮಕ. ಆ ಕಿವಿಗೆ ಇದು ಬೇರೆಯೇ ವಾದ್ಯ. ಸ್ಯಾಂಡರ್ಸ್ ಮೊದಲ ಸೆಕೆಂಡಿನಿಂದಲೇ ಕಿರುಚುತ್ತಾರೆ, ಕೊನೆಯ ತನಕ ಕಿರುಚುತ್ತಾರೆ. ಹಿಂದೆ ಆರ್ಕೆಸ್ಟ್ರಾ ಬಿಡದೆ ಪೆಟ್ಟಿನ ಮೇಲೆ ಪೆಟ್ಟು ಕೊಡುತ್ತದೆ. ಅವರು 1965ರಿಂದ ಹೆಸರಾಂತ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ತಂಡದಲ್ಲಿ ಇದ್ದವರು. ಕೋಲ್ಟ್ರೇನ್ ತೀರಿಕೊಂಡದ್ದು 1967ರ ಜುಲೈನಲ್ಲಿ, ಇದು ರೆಕಾರ್ಡ್ ಆದದ್ದು 1968ರ ಮೇ ತಿಂಗಳಲ್ಲಿ. ಗುರು ಹೋಗಿ ಒಂದು ವರ್ಷವೂ ತುಂಬಿರಲಿಲ್ಲ. ಆ ದುಃಖವೇ ಇಲ್ಲಿ ಕೇಳುತ್ತಿದೆ ಅಂತ ನಾನು ಹೇಳುವುದಿಲ್ಲ, ಕೋಲ್ಟ್ರೇನ್ ಇದ್ದಾಗಲೂ ಅವರು ಹೀಗೇ ನುಡಿಸುತ್ತಿದ್ದರು. ಆದರೆ ಗೊತ್ತಿದ್ದು ಕೇಳಿದರೆ ಮೈ ಜುಂ ಅನ್ನುವುದಂತೂ ನಿಜ. ಹೊಸಬರಿಗೆ ನಾನು ಮೊದಲು ಕೇಳಿಸುವುದು ಇದನ್ನೇ. ಬೇಗ ಮುಗಿಯುತ್ತದೆ, ಏನು ನಡೆಯುತ್ತಿದೆ ಅಂತ ಕೂಡಲೇ ಗೊತ್ತಾಗುತ್ತದೆ. ಬರೆದದ್ದು ಯಾವುದು, ಆ ಕ್ಷಣದ್ದು ಯಾವುದು ಅಂತ ಇಡೀ ಆಲ್ಬಮ್ಮಿನಲ್ಲಿ ಸ್ಪಷ್ಟವಾಗಿ ಕೇಳುವುದು ಇಲ್ಲಿ ಮಾತ್ರ.

ಎರಡನೇ ಎಲ್‌ಪಿ ಪೂರ್ತಿ 11. ಎರಡು ಭಾಗ, ಸೇರಿಸಿದರೆ ಸುಮಾರು 33 ನಿಮಿಷ. ಪಿಯಾನೋ ಸೆಸಿಲ್ ಟೇಲರ್, ಡ್ರಮ್ಸ್ ಆಂಡ್ರೂ ಸಿರಿಲ್. ಟೇಲರ್ ಪಿಯಾನೋ ನುಡಿಸುವುದನ್ನು ಕೇಳದೇ ಇದ್ದವರಿಗೆ ಹೇಗೆ ಹೇಳುವುದು? ಬೆರಳು, ಅಂಗೈ, ಮುಷ್ಟಿ ಎಲ್ಲ ಬಳಸುತ್ತಾರೆ, ಪಿಯಾನೋದ ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿಗೆ ಓಡುತ್ತಾರೆ, ಅಷ್ಟು ವೇಗದಲ್ಲೂ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ. ಸಿರಿಲ್ 1964ರಿಂದಲೇ ಅವರ ಜೊತೆಗಿದ್ದವರು. ಟೇಲರ್ ಯಾವಾಗ ತಿರುಗುತ್ತಾರೆ ಅನ್ನುವುದು ಅವರಿಗೆ ಮೊದಲೇ ಗೊತ್ತು ಅನ್ನಿಸುವ ಹಾಗೆ ನುಡಿಸುತ್ತಾರೆ. ಮ್ಯಾಂಟ್ಲರ್ ಮುಂದೆ ಇದ್ದ ಕಷ್ಟ ಏನು ಅಂದ್ರೆ, ಟೇಲರ್ ಒಬ್ಬರೇ ಒಂದು ಆರ್ಕೆಸ್ಟ್ರಾ. ಅವರ ಎದುರು ಇನ್ನೊಂದು ಆರ್ಕೆಸ್ಟ್ರಾ ಇಟ್ಟು ಏನು ಮಾಡುವುದು? ಮೊದಲ ಭಾಗದಲ್ಲಿ ಇದಕ್ಕೆ ಉತ್ತರ ಪೂರ್ತಿ ಸಿಕ್ಕಿಲ್ಲ ಅಂತಲೇ ನನ್ನ ಅಭಿಪ್ರಾಯ. ಕೆಲವು ಕಡೆ ಊದುವ ವಾದ್ಯಗಳು ಬಂದರೂ ಒಂದೇ, ಬರದಿದ್ದರೂ ಒಂದೇ. ಪಿಯಾನೋ ಅವುಗಳನ್ನು ಕೇಳಿಸಿಕೊಂಡ ಹಾಗೇ ಇಲ್ಲ.

ಎರಡನೇ ಭಾಗದಲ್ಲಿ ಎಲ್ಲ ಬದಲಾಗುತ್ತದೆ. ಪಿಯಾನೋ, ಡ್ರಮ್ಸ್ ಮಾತ್ರ ಉಳಿಯುವ ದೊಡ್ಡ ದೊಡ್ಡ ಜಾಗಗಳನ್ನು ಮ್ಯಾಂಟ್ಲರ್ ಬಿಟ್ಟುಕೊಡುತ್ತಾರೆ. ಆರ್ಕೆಸ್ಟ್ರಾ ಹಿಂದಕ್ಕೆ ಸರಿಯುತ್ತದೆ, ಸುಮ್ಮನಾಗುತ್ತದೆ. ಆಮೇಲೆ ಅದು ಮರಳಿ ಬರುವಾಗ ಕೆಳಗಿನಿಂದ ಬರುತ್ತದೆ. ಮೊದಲು ಬೇಸುಗಳು ಬಿಲ್ಲಿನಿಂದ ಉಜ್ಜುವ ಸದ್ದು, ಅದು ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣಗೆ, ಅದರ ಮೇಲೆ ಟ್ಯೂಬಾ, ಟ್ರಾಂಬೋನ್, ಹಾರ್ನ್. ಟೇಲರ್ ಓಟ ನಿಲ್ಲಿಸುವುದಿಲ್ಲ, ಆದರೆ ಕೆಳಗಿನ ಸ್ವರಗಳ ಜಾಗ ಈಗ ತುಂಬಿದೆ, ಅವರ ಕೈ ಮೇಲಿನ ಸ್ವರಗಳ ಕಡೆಗೆ ಹೋಗುತ್ತದೆ. ಯಾರು ಯಾರನ್ನು ನಡೆಸುತ್ತಿದ್ದಾರೆ? ನನಗೆ ಗೊತ್ತಾಗುವುದಿಲ್ಲ, ಗೊತ್ತಾಗಬೇಕು ಅಂತಲೂ ಇಲ್ಲ. ಬರೆಯುವವನು ಎಷ್ಟು ಬರೆಯಬೇಕು, ಎಲ್ಲಿ ಕೈ ತಡೆಯಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನಾನು ಕೇಳಿಲ್ಲ.

ತಕರಾರೂ ಇದೆ. ಮೊದಲನೆಯದು ಸೌಂಡ್. ಇಷ್ಟು ಜನರನ್ನು ಒಟ್ಟಿಗೆ ಕೂರಿಸಿ 1968ರಲ್ಲಿ ರೆಕಾರ್ಡ್ ಮಾಡುವುದು ಸುಲಭ ಅಲ್ಲ, ಒಪ್ಪುತ್ತೇನೆ. ಆದರೆ ಐದು ಬೇಸ್ ಇಟ್ಟುಕೊಂಡು ಅವು ಐದೂ ಬೇರೆ ಬೇರೆ ಅಂತ ಕೇಳುವುದೇ ಇಲ್ಲ ಅಂದ್ರೆ ಬೇಜಾರಾಗುತ್ತದೆ. ಎಲ್ಲರೂ ಜೋರಾಗಿ ನುಡಿಸುವಾಗ ಕೆಳಗೆ ಒಂದು ದಪ್ಪ ಮಂಜು ಕವಿದ ಹಾಗೆ ಇರುತ್ತದೆ. ಚಾರ್ಲಿ ಹೇಡನ್ ಯಾವುದು, ರಾನ್ ಕಾರ್ಟರ್ ಯಾವುದು ಅಂತ ಹುಡುಕಲು ಹೋಗಬೇಡಿ. ಕಾರ್ಲಾ ಬ್ಲೇ ಅವರ ಪಿಯಾನೋ ಕೂಡ ಎಷ್ಟೋ ಕಡೆ ಮುಳುಗಿಹೋಗಿದೆ, ಅದು ನನಗೆ ಇನ್ನೂ ಜಾಸ್ತಿ ಬೇಜಾರು.

ಎರಡನೆಯದು, ಆಲ್ಬಮ್ಮಿನ ಬಣ್ಣ ಒಂದೇ. ಮ್ಯಾಂಟ್ಲರ್‌ಗೆ ಇಷ್ಟವಾದದ್ದು ಭಾರ, ನಿಧಾನ, ಕತ್ತಲೆ. ಅದನ್ನು ಅವರು ಚೆನ್ನಾಗಿ ಮಾಡುತ್ತಾರೆ. ಆದರೆ 72 ನಿಮಿಷ ಒಂದೇ ಹೊತ್ತಿಗೆ ಕೇಳಿದರೆ ತಲೆ ಭಾರ ಆಗುತ್ತದೆ. ಕಾರ್ಲಾ ಬ್ಲೇ ಬರೆಯುತ್ತಿದ್ದ ಸಂಗೀತದಲ್ಲಿ ನಗು ಇರುತ್ತಿತ್ತು, ಹಾಡು ಇರುತ್ತಿತ್ತು, ಮೆರವಣಿಗೆಯ ಬ್ಯಾಂಡ್ ಕೂಡ ಬಂದು ಹೋಗುತ್ತಿತ್ತು. ಇಲ್ಲಿ ಅವರು ನುಡಿಸಿದ್ದಾರೆ ಅಷ್ಟೆ, ಬರೆದಿಲ್ಲ. ಅವರದೂ ಒಂದು ತುಣುಕು ನಡುವೆ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಸಿಡಿ ತಗೊಳ್ಳುವವರಿಗೆ ಒಂದು ಮಾತು. ಎರಡು ಎಲ್‌ಪಿಯಲ್ಲಿದ್ದದ್ದು ಎಲ್ಲವೂ ಒಂದೇ ಡಿಸ್ಕಿನಲ್ಲಿ ಬಂದಿದೆ, ಏನೂ ಬಿಟ್ಟುಹೋಗಿಲ್ಲ. ಅನುಕೂಲವೇ. ಆದರೆ ಎಲ್‌ಪಿಯಲ್ಲಿ ಪ್ರತಿ 15-20 ನಿಮಿಷಕ್ಕೆ ಎದ್ದು ಹೋಗಿ ಮಗ್ಗುಲು ಬದಲಿಸಬೇಕಿತ್ತು, ಕಿವಿಗೆ ಆ ಬಿಡುವು ಬೇಕು. 'ಪ್ರಿವ್ಯೂ' ಮುಗಿದ ಕೂಡಲೇ ಸಿಡಿ ನಿಲ್ಲಿಸಿ, ಒಂದು ಕಾಫಿ ಕುಡಿದು, ಆಮೇಲೆ 11ಕ್ಕೆ ಕೂರಿ. ಹಳೆಯ ಪೆಟ್ಟಿಗೆ ಯಾರಾದರೂ ಮಾರುತ್ತಿದ್ದರೆ ಎರಡೂ ಎಲ್‌ಪಿ, ಜೊತೆಯ ಪುಸ್ತಿಕೆ ಇದೆಯಾ ನೋಡಿ. ಬೆಳ್ಳಿ ಬಣ್ಣದ ಹೊರಮೈ ಬೇಗ ಗೀರು ಬೀಳುವಂಥದ್ದು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 11ರ ಎರಡೂ ಮಗ್ಗುಲನ್ನು ಮಾತ್ರ ಬೆಳಕಿಗೆ ಹಿಡಿದು ನೋಡಿ. ಸಣ್ಣ ದನಿಯಿಂದ ಶುರುವಾಗಿ ಮೇಲೇರುವ ಜಾಗಗಳು ಅಲ್ಲಿ ಜಾಸ್ತಿ, ಗೀರಿನ ಸದ್ದು ಬಂದರೆ ಅವು ಕೆಟ್ಟವು ಅಂತಲೇ.

ಫೋನಿನ ಸ್ಪೀಕರಿನಲ್ಲಿ ದಯವಿಟ್ಟು ಕೇಳಬೇಡಿ. ಬೇಸ್, ಟ್ಯೂಬಾ, ಬಾರಿಟೋನ್ ಸ್ಯಾಕ್ಸೊಫೋನ್ ಯಾವುದೂ ಕೇಳುವುದಿಲ್ಲ. ಕೆಳಗಿನ ಭಾರವೇ ಇಲ್ಲದೆ ಮೇಲಿನ ಕಿರುಚಾಟ ಮಾತ್ರ ಉಳಿದರೆ ಫ್ರೀ ಜಾಝ್ ಬರೀ ಗಲಾಟೆ ಅಂತ ಅನ್ನಿಸದೆ ಇನ್ನೇನು? ಹೆಡ್‌ಫೋನ್ ಪರವಾಗಿಲ್ಲ. ಆದರೂ ಈ ಸಂಗೀತ ಎದೆಗೆ ತಾಗಬೇಕು, ಅದಕ್ಕೆ ಕೋಣೆಯಲ್ಲಿ ಸ್ಪೀಕರೇ ಸರಿ. ಪಕ್ಕದ ಮನೆಯವರು ಊರಿಗೆ ಹೋಗಿರುವ ಭಾನುವಾರ ನೋಡಿ ಜೋರಾಗಿ ಹಾಕಿ.

2013ರಲ್ಲಿ ಮ್ಯಾಂಟ್ಲರ್ ವಿಯೆನ್ನಾದಲ್ಲಿ ಇದೇ ಹಳೆಯ ಬರವಣಿಗೆಯನ್ನು ಎತ್ತಿಕೊಂಡು ತಿದ್ದಿ, ಹೊಸ ಜನರಿಂದ ನುಡಿಸಿ ಇನ್ನೊಮ್ಮೆ ರೆಕಾರ್ಡ್ ಮಾಡಿದರು. ಮರುವರ್ಷ ಇಸಿಎಂ ಅನ್ನುವ ರೆಕಾರ್ಡ್ ಕಂಪನಿ ಅದನ್ನು ಹೊರತಂದಿತು. ಅದರಲ್ಲಿ ಸೌಂಡ್ ತುಂಬ ಶುಭ್ರ, ಮ್ಯಾಂಟ್ಲರ್ ಏನು ಬರೆದಿದ್ದರು ಅನ್ನುವುದು ಕಣ್ಣಿಗೆ ಕಾಣುವಷ್ಟು ಸ್ಪಷ್ಟ. ಬರವಣಿಗೆಯಲ್ಲಿ ಆಸಕ್ತಿ ಇರುವವರು ಎರಡನ್ನೂ ಒಂದರ ಪಕ್ಕ ಒಂದಿಟ್ಟು ಕೇಳಬೇಕು. ಆದರೆ ಒಂದೇ ಕೊಳ್ಳುವುದಾದರೆ 1968ರದ್ದೇ. ಹೊಸದರಲ್ಲಿ ಎಲ್ಲರೂ ಚೆನ್ನಾಗಿ ನುಡಿಸಿದ್ದಾರೆ. ಆದರೆ ಬರೆದದ್ದರ ಜೊತೆ ಜಗಳಕ್ಕೆ ನಿಲ್ಲುವ ರಡ್ ಇಲ್ಲ, ಟೇಲರ್ ಇಲ್ಲ.

ಮೊದಲ ಸಲ ಕೇಳುವವರು ಈ ಕ್ರಮದಲ್ಲಿ ಕೇಳಿ: 'ಪ್ರಿವ್ಯೂ', ಆಮೇಲೆ 10, ಆಮೇಲೆ 9. ಅಲ್ಲಿಗೆ ಆ ದಿನಕ್ಕೆ ಸಾಕು. 8 ಮತ್ತು 11 ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. 11ರ ಮೊದಲ ಭಾಗ ಹಿಡಿಸದಿದ್ದರೂ ಎರಡನೆಯದನ್ನು ಬಿಡಬೇಡಿ.